ಎಡಗೈ ಕೆಲಸ

ನಮ್ಮಲ್ಲಿ ಎಡಗೈಗೆ ಮರ್ಯಾದೆ ಕಡಿಮೆ. ಪ್ರಸಾದಕ್ಕೆ ಅದನ್ನು ಚಾಚಿದರೆ ಅರ್ಚಕರು ಕಣ್ಣು ಕೆಂಪಗೆ ಮಾಡುತ್ತಾರೆ. ಬೋಣಿ ಹೊತ್ತಿನಲ್ಲಿ ಅದರಿಂದ ದುಡ್ಡು ಕೊಟ್ಟರೆ ಅಂಗಡಿಯವನು ಮುಟ್ಟುವುದಿಲ್ಲ. ಊಟದ ಎಲೆಯ ಆಸುಪಾಸಿನಲ್ಲಿ ಅದಕ್ಕಿರುವ ಅಧಿಕಾರವೆಂದರೆ ನೀರಿನ ಲೋಟ ಎತ್ತುವುದಷ್ಟೇ. ಆದರೆ ಸಂಗೀತದಲ್ಲಿ ಈ ಬಡಪಾಯಿಗೆ ಎಂದೂ ಕೆಲಸ ತಪ್ಪಿದ್ದಿಲ್ಲ. ವೀಣೆಯ ಗಮಕವೆಲ್ಲ ಅದರದೇ ಸಂಪಾದನೆ. ತಬಲದಲ್ಲಿ ಡಗ್ಗದ ಗುಮುಕು ಅದರದು. ಹಾರ್ಮೋನಿಯಂನಲ್ಲಂತೂ ಬಲಗೈ ಮನೆಗಳ ಮೇಲೆ ಓಡಾಡಿ ಭೇಷ್ ಅನ್ನಿಸಿಕೊಳ್ಳುವಾಗ ಎಡಗೈ ಹಿಂದುಗಡೆ ಕೂತು ಸದ್ದಿಲ್ಲದೆ ತಿದಿ ಒತ್ತುತ್ತಿರುತ್ತದೆ. ಅದು ಕೈಬಿಟ್ಟರೆ ಬಲಗೈಯ ಪಾಂಡಿತ್ಯವೆಲ್ಲ ಮರದ ಪಟ್ಟಿ ಕುಟ್ಟುವ ಸದ್ದು.

ಈ ಪುರಾಣವೆಲ್ಲ ಈಗ ನೆನಪಾಗಲು ಕಾರಣ ನಮ್ಮ ಮನೆಗೆ ಬಂದ ಕೀಬೋರ್ಡು. ಬ್ಯಾಂಕಿನಿಂದ ನಿವೃತ್ತರಾದವರು ಸಾಮಾನ್ಯವಾಗಿ ಷೇರು ಪೇಟೆಯ ಕಡೆಗೋ ಭಗವದ್ಗೀತೆಯ ಕಡೆಗೋ ವಾಲುತ್ತಾರೆ. ನನಗೆ ಎರಡರಲ್ಲೂ ನಂಬಿಕೆ ಸಾಲದೆ ಬೆಂಗಳೂರಿನ ಬಳೇಪೇಟೆಯ ಕಡೆಗೆ ಹೋದೆ. ಅಲ್ಲಿನ ಸಂಗೀತ ವಾದ್ಯಗಳ ಅಂಗಡಿಯೊಂದರಲ್ಲಿ ತಬಲ, ಮೃದಂಗಗಳ ನಡುವೆ ಒಂದು ಮೇಜಿನ ಮೇಲೆ ಅರವತ್ತೊಂದು ಮನೆಯ ಕೀಬೋರ್ಡುಗಳು ಸಾಲಾಗಿದ್ದವು. “ಏನು ನುಡಿಸ್ತೀರಾ ಸಾರ್?” ಎಂದ ಹುಡುಗ. ಏನೂ ಬರುವುದಿಲ್ಲ ಎಂದೆ. “ಹಾಗಾದ್ರೆ ಇದೇ ಸರಿ” ಎಂದು ಅವನು ಎಡಗೈಯ ಒಂದು ಬೆರಳನ್ನು ಎಡಗಡೆಯ ಮನೆಯೊಂದರ ಮೇಲಿಟ್ಟ. ತಕ್ಷಣ ಡ್ರಮ್ಮು, ಬೇಸು, ಗಿಟಾರು, ಜೊತೆಗೆ ನಾಲ್ಕಾರು ಪಿಟೀಲು ಒಟ್ಟಿಗೇ ಶುರುವಾದವು. ಬೆರಳನ್ನು ಮುಂದಿನ ಮನೆಗೆ ಸರಿಸಿದ. ಇಡೀ ತಂಡ ಮರುಮಾತಿಲ್ಲದೆ ಅಲ್ಲಿಗೆ ಸರಿಯಿತು. ಮೂವತ್ತು ವರ್ಷ ಮ್ಯಾನೇಜರಿಕೆ ಮಾಡಿದ ನನಗೆ ಇಷ್ಟು ವಿಧೇಯ ಸಿಬ್ಬಂದಿ ಸಿಕ್ಕಿರಲಿಲ್ಲ. ಬಿಲ್ ಮಾಡಿಸಿದೆ.

ಇದಕ್ಕೆ ಅರೇಂಜರ್ ಎನ್ನುತ್ತಾರೆ. ಎಡಗಡೆಯ ಒಂದೂವರೆ ಸ್ಥಾಯಿಯಷ್ಟು ಜಾಗ ಕಾರ್ಡ್‌ಗೆ, ಅಂದರೆ ಒಟ್ಟಿಗೆ ನುಡಿಯುವ ಸ್ವರಗಳ ಗೊಂಚಲಿಗೆ, ಮೀಸಲು. ಅಲ್ಲಿ ಒತ್ತಿದ್ದನ್ನು ಯಂತ್ರ ಓದಿಕೊಂಡು ತನ್ನೊಳಗಿನ ವಾದ್ಯವೃಂದಕ್ಕೆ ಆಜ್ಞೆ ಕೊಡುತ್ತದೆ. ಯಮಹಾದಲ್ಲಿ ಒಂದು ಬೆರಳಿಟ್ಟರೆ ಮೇಜರ್, ಅಂದರೆ ಹರ್ಷ. ಅದಕ್ಕೆ ಎಡಪಕ್ಕದ ಕಪ್ಪು ಮನೆ ಸೇರಿಸಿದರೆ ಮೈನರ್, ಅಂದರೆ ದುಃಖ. ಕ್ಯಾಸಿಯೋದಲ್ಲಿ ದುಃಖ ಬಲಗಡೆ ಇದೆ. ಕಂಪನಿ ಬದಲಾಯಿಸುವವರು ಇದನ್ನು ಮೊದಲೇ ತಿಳಿದುಕೊಳ್ಳುವುದು ಒಳ್ಳೆಯದು. ಹಾಡಿನ ತಲೆಗೆ ಇಂಟ್ರೋ, ಚರಣದಿಂದ ಚರಣಕ್ಕೆ ದಾಟಲು ಫಿಲ್, ಮಂಗಳಕ್ಕೆ ಎಂಡಿಂಗ್, ಎಲ್ಲಕ್ಕೂ ಒಂದೊಂದು ಗುಂಡಿ. ಎಂಡಿಂಗ್ ಗುಂಡಿಯನ್ನು ನಮ್ಮ ಕೆಲವು ಸಭೆಗಳ ಭಾಷಣಕಾರರಿಗೂ ಅಳವಡಿಸುವಂತಿದ್ದರೆ ಎಂದು ನಾನು ಹಲವು ಸಲ ಆಸೆಪಟ್ಟಿದ್ದೇನೆ.

ವಿಧೇಯತೆ ಎಲ್ಲಿಯವರೆಗೆ ಎಂಬುದು ಗೊತ್ತಾದದ್ದು ನನ್ನ ತಂಗಿಯ ಮಗಳು ರಜೆಗೆ ಬಂದಾಗ. ಅವಳು ಸಂಗೀತ ಪಾಠಕ್ಕೆ ಸೇರಿದ್ದಳು, ಮಾಯಾಮಾಳವಗೌಳದ ಸರಳೆ ವರಸೆ ನಡೆಯುತ್ತಿತ್ತು. ಹುಡುಗಿ ಯಾವುದೋ ಗುಂಡಿ ಒತ್ತಿದಳು, ಬೋಸಾನೋವಾ ಶುರುವಾಯಿತು. ಬ್ರೆಜಿಲ್ ದೇಶದ ಆ ಸಮುದ್ರತೀರದ ಲಯದ ಮೇಲೆ ಪುರಂದರದಾಸರ ಪಾಠಕ್ರಮ ಬಳುಕುತ್ತಾ ಹೊರಟಿತು. ಕಿವಿಗೆ ಮೊದಲು ತಮಾಷೆ, ಆಮೇಲೆ ಕಿರಿಕಿರಿ. ಕಿರಿಕಿರಿಗೆ ಲೆಕ್ಕವಿದೆ. ಈ ರಾಗದ ರಿಷಭವೂ ಧೈವತವೂ ಶುದ್ಧ, ಅಂದರೆ ಷಡ್ಜಕ್ಕೆ, ಪಂಚಮಕ್ಕೆ ಒತ್ತಿಕೊಂಡ ಕಪ್ಪು ಮನೆಗಳು. ಒಳಗಿನ ಬೇಸ್ ಗಿಟಾರಿನವನಾದರೋ ಮೇಜರ್ ಕಾರ್ಡ್ ಸಿಕ್ಕಿದರೆ ಬಿಳಿ ರಿಷಭ, ಬಿಳಿ ಧೈವತದ ಮೇಲೆ ನಡೆದು ಹೋಗುವ ಅಭ್ಯಾಸದವನು. ಮೇಲೊಂದು ರಿ, ಕೆಳಗೊಂದು ರಿ, ನಡುವೆ ನನ್ನ ಸೋದರ ಸೊಸೆ. “ಮಾವ, ಇದರೊಳಗಿರೋ ಅಂಕಲ್‌ಗೆ ರಾಗ ಗೊತ್ತಿಲ್ಲ” ಎಂದು ತೀರ್ಪು ಕೊಟ್ಟು ಎದ್ದಳು.

ನನ್ನ ಹೆಂಡತಿಯ ದೂರು ಬೇರೆ. ಅವಳು ಹಾಡುವ ದೇವರನಾಮಗಳಲ್ಲಿ ಹಲವು ಮಿಶ್ರಛಾಪು, ಏಳರ ನಡೆ. ನೂರಾರು ಸ್ಟೈಲ್ ಇರುವ ಪೆಟ್ಟಿಗೆಯಲ್ಲಿ ನಾಲ್ಕರದು ಹೇರಳ, ಮೂರರದು, ಆರರದು ಒಂದಿಷ್ಟು. ಏಳನ್ನು ಹುಡುಕಿ ಕನ್ನಡಕ ಒರೆಸಿಕೊಂಡದ್ದೇ ಬಂತು. ನಾಲ್ಕರಲ್ಲೇ ಹಾಡು ಎಂದರೆ ಅವಳ ಪಲ್ಲವಿ ಒಂದು ಕಡೆ, ಡ್ರಮ್ಮು ಇನ್ನೊಂದು ಕಡೆ. ಅದೂ ಹೋಗಲಿ, “ರಂಗಾ” ಎಂದು ಅವಳು ಮೇಲಿನ ಷಡ್ಜದಲ್ಲಿ ಕಣ್ಣುಮುಚ್ಚಿ ನಿಂತರೆ ಮನುಷ್ಯನಾದ ಪಕ್ಕವಾದ್ಯದವನು ಕಾಯುತ್ತಾನೆ. ಇದು ಕಾಯುವುದಿಲ್ಲ. “ರೀ, ಅದಕ್ಕೆ ಸ್ವಲ್ಪ ಸುಮ್ಮನಿರೋಕೆ ಹೇಳ್ರೀ” ಎಂದಳು. ನಾನು ಎಂಡಿಂಗ್ ಒತ್ತಿದೆ. ಅದು ಬಡಪೆಟ್ಟಿಗೆ ನಿಲ್ಲದೆ, ಇನ್ನೆರಡು ಆವರ್ತ ಸಂಭ್ರಮಪಟ್ಟು, ಕೊನೆಗೆ ತಾಳ ಝಲ್ಲೆನಿಸಿ ಮುಗಿಸಿತು. ರಂಗನ ಧ್ಯಾನಕ್ಕೆ ಅಂಥ ಮುಕ್ತಾಯ ಹಿಂದೆಂದೂ ಸಿಕ್ಕಿರಲಾರದು.

ಕಂಪನಿಯವರಿಗೆ ನಮ್ಮ ಕಷ್ಟ ತಿಳಿಯದೆ ಇಲ್ಲ. ಯಮಹಾದವರು ಪಿಎಸ್‌ಆರ್-ಐ ಎಂಬ ಸರಣಿಯನ್ನೇ ನಮಗಾಗಿ ತಂದರು. ಕ್ಯಾಸಿಯೋ ಕೆಲವು ಮಾದರಿಗಳ ಬಾಲಕ್ಕೆ ಐಎನ್ ಎಂದು ಸೇರಿಸಿತು. ರೋಲ್ಯಾಂಡ್ ಎಕ್ಸ್‌ಪಿಎಸ್-10 ಎಂಬ ಹಗುರ ಪೆಟ್ಟಿಗೆಯಲ್ಲಿ ಭಾರತದ ನಾದಗಳನ್ನು ತುಂಬಿ ಬಿಟ್ಟಿತು. ಇವುಗಳಲ್ಲಿ ತಬಲ ಇದೆ, ತಂಬೂರಿ ಇದೆ, ಭಾಂಗ್ಡಾ ಇದೆ, ದಾಂಡಿಯಾ ಇದೆ. ಮೊದಲಿನ ಸ್ಥಿತಿಗೆ ಇದು ಎಷ್ಟೋ ಮೇಲು. 1991ರಲ್ಲಿ ಜನರಲ್ ಮಿಡಿ ಎಂಬ ಒಪ್ಪಂದವಾಗಿ, ಎಲ್ಲ ಕೀಬೋರ್ಡುಗಳಲ್ಲೂ ಒಂದೇ ಕ್ರಮದಲ್ಲಿ ಇರಬೇಕಾದ 128 ನಾದಗಳ ಪಟ್ಟಿ ತಯಾರಾಯಿತು. ಅದರಲ್ಲಿ ನಮ್ಮ ಪಾಲಿಗೆ ಬಂದದ್ದು 105ನೆಯ ಸಿತಾರ್ ಮತ್ತು 112ನೆಯ ಶಹನಾಯಿ. ವೀಣೆಗೆ ಜಾಗವಿರಲಿಲ್ಲ, ಮೃದಂಗಕ್ಕೆ ಇರಲಿಲ್ಲ. ಹೆಲಿಕಾಪ್ಟರಿಗೂ ಬಂದೂಕಿಗೂ ಇತ್ತು.

ಆ ಪಟ್ಟಿಯ ತುದಿಯಲ್ಲಿ ಹಕ್ಕಿಯ ಚಿಲಿಪಿಲಿ 124, ಟೆಲಿಫೋನ್ ಗಂಟೆ 125. ನೆರೆಮನೆಯವರ ನಡುವೆ ಕೇವಲ ಒಂದು ಅಂಕಿಯ ಬೇಲಿ. ಆ ಬೇಲಿ ದಾಟಿದರೆ ಏನಾಗುತ್ತದೆ ಎಂಬುದನ್ನು ನಮ್ಮೂರಲ್ಲಿ ನೋಡಿದ್ದೇನೆ. ಮಂಡ್ಯದ ಕಡೆಯ ಆ ಊರಲ್ಲಿ ಕುರುಕ್ಷೇತ್ರ ನಾಟಕ ಆಡುವುದುಂಟು. ದುರ್ಯೋಧನನ ಪಾತ್ರಕ್ಕೆ ಎಲ್ಲರಿಗಿಂತ ಹೆಚ್ಚು ದುಡ್ಡು ಕಟ್ಟಬೇಕು, ಕೃಷ್ಣನಿಗೆ ಅದಕ್ಕಿಂತ ಕಡಿಮೆ. ಧರ್ಮದ ಮಾರುಕಟ್ಟೆ ದರ ಹಾಗಿದೆ. ರಂಗದ ಪಕ್ಕದಲ್ಲಿ ಹಾರ್ಮೋನಿಯಂ ಮೇಷ್ಟ್ರು, ತಬಲದವರು. ಈಚಿನ ವರ್ಷಗಳಲ್ಲಿ ಅವರ ಮಗ್ಗುಲಿಗೆ ಕ್ಯಾಸಿಯೋ ಹುಡುಗ. ಪೆಟ್ಟಿಗೆ ಯಾವ ಕಂಪನಿಯದೇ ಆಗಲಿ, ನಮ್ಮೂರಲ್ಲಿ ಅದು ಕ್ಯಾಸಿಯೋ. ಒಂದು ಸಲ ಬೃಂದಾವನದ ಬೆಳಗು ಹರಿಯಬೇಕು, ಹಕ್ಕಿ ಕೂಗಬೇಕು. ಟೆಲಿಫೋನ್ ಗಂಟೆ ಬಾರಿಸಿತು. ಕೃಷ್ಣನ ಪಾತ್ರಧಾರಿ ನಮ್ಮ ಹಾಲಿನ ಡೇರಿಯ ಕಾರ್ಯದರ್ಶಿ, ಅಭ್ಯಾಸಬಲದಿಂದ ಜೇಬು ತಡವಿದ. ಪೀತಾಂಬರಕ್ಕೆ ಜೇಬೆಲ್ಲಿಯದು? ಮೇಷ್ಟ್ರು ಮಾತ್ರ ಎಡಗೈಯಿಂದ ತಿದಿ ಒತ್ತುತ್ತಲೇ ಕಂದಪದ್ಯ ಎತ್ತಿ ಮಾನ ಉಳಿಸಿದರು.

ಈ ಮೇಷ್ಟ್ರಿಗೂ ಕ್ಯಾಸಿಯೋ ಹುಡುಗನಿಗೂ ಮುಖ್ಯ ಜಗಳ ಟ್ರಾನ್ಸ್‌ಪೋಸ್ ಗುಂಡಿಯದು. ಹಾಡುವವನ ಶ್ರುತಿ ಕಪ್ಪು ಒಂದಾದರೆ ಮೇಷ್ಟ್ರು ಕಪ್ಪು ಒಂದನ್ನೇ ಷಡ್ಜ ಮಾಡಿಕೊಂಡು ನುಡಿಸುತ್ತಾರೆ. ಹುಡುಗ ಗುಂಡಿ ಒತ್ತಿ ಒಂದು ಏರಿಸಿ, ಬಿಳಿ ಒಂದರಿಂದಲೇ ಹೊರಡುತ್ತಾನೆ. “ಹನ್ನೆರಡು ಶ್ರುತೀಲೂ ಬೆರಳು ಓಡಿಸ್ದೋನು ಮೇಷ್ಟ್ರು ಕಣಪ್ಪ. ಅದು ಗುಂಡಿ ಕೆಲಸ” ಎನ್ನುತ್ತಾರೆ ಅವರು. ಹಾಗೆ ಮೂಗು ಮುರಿಯುವಾಗ ಮೇಷ್ಟ್ರು ತಮ್ಮ ಪೆಟ್ಟಿಗೆಯ ಜಾತಕವನ್ನು ಮರೆತಿರುತ್ತಾರೆ. ಅದೂ ಪರದೇಶದಿಂದ ಬಂದದ್ದೇ. ಸ್ವರವನ್ನು ಬಗ್ಗಿಸಲಾರದು, ಗಮಕ ಹೊರಡದು ಎಂದು ಆಕಾಶವಾಣಿ 1940ರಲ್ಲಿ ಅದನ್ನು ಹೊರಗಿಟ್ಟಿತ್ತು. ಬಾಗಿಲು ಸ್ವಲ್ಪ ತೆರೆಯಲು 1971 ಬರಬೇಕಾಯಿತು. ಅಷ್ಟರಲ್ಲಿ ಹೊರಗೆ ನಾಟಕ, ಭಜನೆ, ಹರಿಕಥೆ ಎಲ್ಲೆಲ್ಲೂ ಅದೇ ಯಜಮಾನಿಕೆ ನಡೆಸುತ್ತಿತ್ತು.

ಕೀಬೋರ್ಡುಗಳಲ್ಲಿ ವರ್ಕ್‌ಸ್ಟೇಷನ್ ಎಂಬ ಇನ್ನೊಂದು ಜಾತಿಯನ್ನೂ ಹೇಳಿಬಿಡಬೇಕು. ಅದರಲ್ಲಿ ಸಿದ್ಧ ತಂಡವೇ ಮುಖ್ಯವಲ್ಲ. ನಾದಗಳು, ಸೀಕ್ವೆನ್ಸರ್, ಎಫೆಕ್ಟ್ ಮೂರೂ ಒಂದೇ ಪೆಟ್ಟಿಗೆಯಲ್ಲಿ. ಮೊದಲು ತಾಳ ನುಡಿಸಿ ದಾಖಲಿಸಿಕೋ, ಅದರ ಮೇಲೆ ಬೇಸ್, ಅದರ ಮೇಲೆ ಕೊಳಲು. ಈ ಜಾತಿಗೆ ಹೆಸರು ತಂದದ್ದು 1988ರ ಕಾರ್ಗ್ ಎಂ1. ಎಂಟು ಟ್ರ್ಯಾಕ್, ಒಟ್ಟಿಗೆ ಹದಿನಾರು ಸ್ವರ. ಹದಿನೇಳನೆಯದು ಬಂದರೆ ಹಳೆಯ ಒಂದು ಸ್ವರ ಜಾಗ ಬಿಡಬೇಕು, ಥೇಟ್ ನಮ್ಮ ಬ್ಯಾಂಕಿನ ಸ್ವಯಂನಿವೃತ್ತಿ ಯೋಜನೆ. ಇಂದಿನ ಅಗ್ಗದ ಪೆಟ್ಟಿಗೆಯಲ್ಲೂ ಈ ಮಿತಿ ಇದೆ, ಅಂಕಿ ದೊಡ್ಡದಾಗಿದೆ ಅಷ್ಟೆ. ತಂಬೂರಿ, ತಬಲ, ಪಿಟೀಲು, ಬೇಸ್ ಎಲ್ಲ ಹಚ್ಚಿಕೊಂಡು ಪೆಡಲ್ ಮೇಲೆ ಕಾಲಿಟ್ಟರೆ ಯಾರೋ ಒಬ್ಬರು ಹೇಳದೆ ಕೇಳದೆ ಎದ್ದು ಹೋಗಿರುತ್ತಾರೆ. ದೊಡ್ಡ ವರ್ಕ್‌ಸ್ಟೇಷನ್ನಿನ ಬೆಲೆ ಲಕ್ಷ ದಾಟುತ್ತದೆ. ಆದರೆ ಸಾಧಾರಣ ಅರೇಂಜರಿನ ಮೂಲೆಯಲ್ಲೂ ಐದಾರು ಟ್ರ್ಯಾಕಿನ ಒಂದು ಪುಟ್ಟ ಸೀಕ್ವೆನ್ಸರ್ ಇರುತ್ತದೆ. ಕೊಂಡವರಲ್ಲಿ ಹೆಚ್ಚಿನವರು ಆ ಗುಂಡಿಯನ್ನು ಧೂಳು ಒರೆಸುವಾಗ ಮಾತ್ರ ಮುಟ್ಟುತ್ತಾರೆ.

ಅಗ್ಗದ್ದರಿಂದ ಏನಾದೀತು ಎನ್ನುವವರಿಗೆ ನಾನು ಜಮೈಕಾದ ಕಥೆ ಹೇಳುತ್ತೇನೆ. 1980ರಲ್ಲಿ ಒಕುಡಾ ಹಿರೋಕೋ ಎಂಬ ಯುವತಿ ಸಂಗೀತ ಓದಿ ಮುಗಿಸಿ ಜಪಾನಿನ ಕ್ಯಾಸಿಯೋ ಕಂಪನಿಗೆ ಸೇರಿದಳು. ಅವಳಿಗೆ ರೆಗೇ ಸಂಗೀತದ ಹುಚ್ಚು. ಮರುವರ್ಷ ಬಂದ ಎಂಟಿ-40 ಎಂಬ ಚಿಕ್ಕ ಕೀಬೋರ್ಡಿಗೆ ಅವಳೇ ತಾಳಗಳನ್ನು ಹೊಂದಿಸಿಕೊಟ್ಟಳು. ಅದರಲ್ಲೊಂದಕ್ಕೆ ‘ರಾಕ್’ ಎಂದು ಹೆಸರು. ಆ ಪೆಟ್ಟಿಗೆ ಹೇಗೋ ಜಮೈಕಾ ತಲುಪಿತು. ಅಲ್ಲಿ ಕಿಂಗ್ ಜ್ಯಾಮಿ ಎಂಬ ನಿರ್ಮಾಪಕ ಅದೇ ತಾಳದ ವೇಗ ಇಳಿಸಿ, ಅದರ ಮೇಲೆ ವೇಯ್ನ್ ಸ್ಮಿತ್ ಎಂಬ ಗಾಯಕನಿಂದ ಹಾಡಿಸಿದ. 1985ರಲ್ಲಿ ಅದು ಹೊರಬಂದ ಮೇಲೆ ಆ ದೇಶದ ರೆಗೇ ಕಂಪ್ಯೂಟರ್ ನಾದದ ಕಡೆಗೆ ಹೊರಳಿತು. ಆ ಒಂದು ತಾಳದ ಮೇಲೆ ಮುಂದೆ ನೂರಾರು ಹಾಡು ಹುಟ್ಟಿದವು. ನನಗೆ ಇದರಲ್ಲಿ ಇಷ್ಟವಾಗುವುದು ವೇಗ ಇಳಿಸಿದ ಆ ಕೈ. ಕಂಪನಿ ಕೊಟ್ಟ ವೇಗದಲ್ಲೇ ಬಿಟ್ಟಿದ್ದರೆ ಅದು ಅಂಗಡಿಯ ಡೆಮೋ ಆಗಿಯೇ ಉಳಿಯುತ್ತಿತ್ತು.

ನಮ್ಮ ಆರ್ಕೆಸ್ಟ್ರಾಗಳ ಕೀಬೋರ್ಡಿನವರಿಗೆ ಈ ಗುಟ್ಟು ಗೊತ್ತು. ಹಂಸಲೇಖರ ಸಂಗೀತದ ‘ಪ್ರೇಮಲೋಕ’ ಚಿತ್ರ 1987ರಲ್ಲಿ ಬಂದ ಮೇಲೆ, ಆ ಹಾಡುಗಳ ಬಿಟ್ ಬಾರದವನಿಗೆ ಗಣೇಶನ ಪೆಂಡಾಲಿನಲ್ಲಿ ಕುರ್ಚಿ ಇರಲಿಲ್ಲ ಎಂಬುದು ನನ್ನ ನೆನಪು. ಅಂಥ ಒಬ್ಬ ಹಳಬರು ನಮ್ಮ ಬಡಾವಣೆಯಲ್ಲಿದ್ದಾರೆ. ಅವರು ನಮ್ಮ ಪೆಟ್ಟಿಗೆಯ ಮುಂದೆ ಕೂತು ಮೊದಲು ಮಾಡಿದ ಕೆಲಸ ಒಬ್ಬೊಬ್ಬರನ್ನೇ ಮನೆಗೆ ಕಳಿಸಿದ್ದು. ಗಿಟಾರ್ ಬಂದ್, ಪಿಟೀಲು ಬಂದ್, ಬೇಸ್ ಬಂದ್. ಆಮೇಲೆ ಸ್ಟೈಲನ್ನೇ ನಿಲ್ಲಿಸಿ, ಮೆಟ್ರೊನೋಮನ್ನು ಏಳಕ್ಕೆ ಕಟ್ಟಿ, ತಬಲದ ನಾದಗಳು ಹರಡಿಕೊಂಡ ಮನೆಗಳ ಮೇಲೆ ಎರಡು ಬೆರಳಿನಿಂದ ಮಿಶ್ರಛಾಪು ತಟ್ಟಿ ಸೀಕ್ವೆನ್ಸರಿಗೆ ಹಾಕಿದರು. ಅದರ ಮೇಲೆ ತಂಬೂರಿ. “ಅಮ್ಮಾ, ಈಗ ಹಾಡಿ” ಎಂದರು. ಹೆಂಡತಿ ಹಾಡಿದಳು. ಅವಳು ರಂಗನ ಮುಂದೆ ನಿಂತಲ್ಲಿ ತಬಲ ಈಗಲೂ ಕಾಯಲಿಲ್ಲ, ಆದರೆ ಕನಿಷ್ಠ ಏಳರಲ್ಲೇ ಓಡುತ್ತಿತ್ತು.

ಅವರ ಎಡಗೈಯನ್ನು ನಾನು ಗಮನಿಸುತ್ತಿದ್ದೆ. ಅದು ಕಾರ್ಡ್ ಮನೆಗಳ ಕಡೆಗೆ ಹೋಗಲೇ ಇಲ್ಲ. ಪೆಟ್ಟಿಗೆಯ ಎಡತುದಿಯಲ್ಲಿರುವ ಪಿಚ್ ಬೆಂಡ್ ಚಕ್ರದ ಮೇಲೆ ಹೆಬ್ಬೆರಳಿಟ್ಟುಕೊಂಡು, ಬಲಗೈ ಸ್ವರ ಒತ್ತಿದಾಗಲೆಲ್ಲ ಅದನ್ನು ಇಷ್ಟಿಷ್ಟೇ ಎಳೆದು ಬಿಡುತ್ತಿದ್ದರು. ಸಾಮಾನ್ಯವಾಗಿ ಅದು ಎರಡು ಮನೆಯಷ್ಟು ಮೇಲಕ್ಕೂ ಕೆಳಕ್ಕೂ ಬಾಗುತ್ತದೆ, ಬೇಕಾದರೆ ಹೆಚ್ಚಿಸಿಕೊಳ್ಳಬಹುದು. ಗಾಂಧಾರ ಅಲುಗಿತು, ನಿಷಾದ ಜಾರಿತು. ವೀಣೆಯವರ ಮಟ್ಟಕ್ಕೆ ಅಲ್ಲ, ಆದರೆ ಅದು ರಾಗವೇ. ಪೆಟ್ಟಿಗೆ ಮಾಡಿದವರು ಎಡಗೈ ತಂಡವನ್ನು ನಡೆಸಲಿ ಎಂದುಕೊಂಡಿದ್ದಾರೆ, ನಮ್ಮ ಸಂಗೀತ ಅದನ್ನು ಸ್ವರದ ಒಳಗೆ ಕರೆಯುತ್ತದೆ. ಇರುವುದೊಂದು ಎಡಗೈ, ಎರಡೂ ಕಡೆ ಹಾಜರಿ ಹಾಕಲಾರದು. ಈ ಚಕ್ರ ತೀರಾ ಕಡಿಮೆ ಬೆಲೆಯ ಎಷ್ಟೋ ಮಾದರಿಗಳಲ್ಲಿ ಇರುವುದಿಲ್ಲ. ಅಲ್ಲಿ ಉಳಿಸಿದ ಮೂರು ನಾಲ್ಕು ಸಾವಿರಕ್ಕೆ ಆಮೇಲೆ ತೋಡಿ ರಾಗವನ್ನೇ ಬಿಟ್ಟುಕೊಡಬೇಕಾಗುತ್ತದೆ.

ಇಷ್ಟು ತಿಳಿದುಕೊಂಡ ಮೇಲೆ ಬಡಾವಣೆಯಲ್ಲಿ ನನಗೆ ತಜ್ಞನ ಪಟ್ಟ ಬಂದಿದೆ. ಮೊನ್ನೆ ಎದುರುಮನೆಯವರು ಬಂದು, ಮಗನಿಗೆ ಯಾವುದು ಕೊಡಿಸಲಿ ಎಂದು ಕೇಳಿದರು. ಎಡತುದಿಯಲ್ಲಿ ಚಕ್ರ ಇದೆಯೇ ನೋಡಿ, ಮೆಲ್ಲಗೆ ಒತ್ತಿದರೆ ಮೆಲ್ಲಗೆ ನುಡಿಯುತ್ತದೆಯೇ ನೋಡಿ, ತಂಡದವರನ್ನು ಒಬ್ಬೊಬ್ಬರಾಗಿ ಸುಮ್ಮನಿರಿಸಲು ಬರುತ್ತದೆಯೇ ಕೇಳಿ, ಡೆಮೋ ಹಾಡು ಕೇಳಿ ಮರುಳಾಗಬೇಡಿ, ಎಲ್ಲಕ್ಕಿಂತ ಮುಖ್ಯವಾಗಿ ಒಂದು ಒಳ್ಳೆಯ ಹೆಡ್‌ಫೋನ್ ಕೊಳ್ಳಿ, ನಮ್ಮಿಬ್ಬರ ಮನೆಗಳ ನಡುವೆ ಇರುವುದು ಇಪ್ಪತ್ತಡಿ ರಸ್ತೆ ಎಂದೆ. ಅವರು ಎಲ್ಲವನ್ನೂ ಬರೆದುಕೊಂಡು ಬಳೇಪೇಟೆಗೆ ಹೋದರು. ಮಗ ಅಲ್ಲಿ ಹಟ ಹಿಡಿದು ಡ್ರಮ್ ಸೆಟ್ ಹೊರಿಸಿಕೊಂಡು ಬಂದಿದ್ದಾನೆ. ಅದಕ್ಕೆ ಹೆಡ್‌ಫೋನ್ ಎಲ್ಲಿ ಚುಚ್ಚುವುದು ಎಂದು ಅವರ ಮನೆಯವರು ನಿನ್ನೆಯಿಂದ ನನ್ನನ್ನೇ ಕೇಳುತ್ತಿದ್ದಾರೆ.