ಮಲ್ಲಿಗೆ ತೋಟದ ಗುರಿಕಾರ

ಕಟಪಾಡಿಯಿಂದ ಶಿರ್ವಕ್ಕೆ ಹೋಗುವ ದಾರಿಯಲ್ಲಿ ಸಿಗುವ ಶಂಕರಪುರದ ಸುತ್ತಮುತ್ತ, ಕಳೆದ ತಲೆಮಾರಿನ ಕೊಂಕಣಿ ಕ್ರೈಸ್ತರ ಮನೆಯ ಪಪ್ಪನಿಗೆ ಇಬ್ಬರು ಯಜಮಾನರು: ಇಗರ್ಜಿಯಲ್ಲಿ ದೇವರು, ಹಿತ್ತಲಲ್ಲಿ ಮಲ್ಲಿಗೆ. ತಡವಾಗಿ ಬಂದವನನ್ನು ದೇವರು ಕ್ಷಮಿಸುತ್ತಿದ್ದ. ಮಲ್ಲಿಗೆಗೆ ಆ ಗುಣವಿಲ್ಲ. ಬಿಸಿಲೇರುವ ಮೊದಲೇ ಮೊಗ್ಗು ಕೊಯ್ದಾಗಬೇಕು, ಬಾಳೆನಾರಿನಲ್ಲಿ ಕಟ್ಟಿಯಾಗಬೇಕು. 800 ಮೊಗ್ಗಿಗೆ ಒಂದು ಚೆಂಡು, ನಾಲ್ಕು ಚೆಂಡಿಗೆ ಒಂದು ಅಟ್ಟೆ. ಮಕ್ಕಳಿಗೆ ಮಗ್ಗಿ ಬಾಯಿಗೆ ಬರುವ ಮೊದಲು ಈ ಲೆಕ್ಕ ಬಂದಿರುತ್ತಿತ್ತು.

ಕೊಯ್ಲು ಮುಗಿಸಿದ ಪಪ್ಪ ಪೂಜೆಯ ಗಂಟೆ ಕೇಳಿದ್ದೇ ಕೈತೊಳೆದು ಓಡುತ್ತಿದ್ದ. ಗಿಡಕ್ಕೆ ಹಾಕುವ ನೆಲಗಡಲೆ ಹಿಂಡಿ ಮತ್ತು ಸೆಗಣಿ ಕೊಳೆಸಿದ ನೀರಿನ ವಾಸನೆ ಯಾವ ಸಾಬೂನಿಗೂ ಬಗ್ಗುವಂಥದ್ದಲ್ಲ. ಇಗರ್ಜಿಯ ಅರ್ಧ ಬೆಂಚು ಅದೇ ಕಸುಬಿನದಾದ್ದರಿಂದ ಯಾರೂ ಮೂಗು ಮುಚ್ಚುತ್ತಿರಲಿಲ್ಲ.

ಈ ಕಸುಬಿನ ದೊಡ್ಡ ತಮಾಷೆ ಇರುವುದು ಮಾರುಕಟ್ಟೆಯಲ್ಲಿ. ಹೂ ಹೋಗುವುದು ಹಿಂದೂ ಮದುವೆಗೆ, ದೇವಸ್ಥಾನಕ್ಕೆ, ಭೂತಕೋಲಕ್ಕೆ, ನಾಗಮಂಡಲಕ್ಕೆ. ಹಾಗಾಗಿ ಭಾನುವಾರದ ಪೂಜೆ ಒಂದನ್ನೂ ತಪ್ಪಿಸದ ಪಪ್ಪನಿಗೆ ಯಾವ ವಾರ ಮುಹೂರ್ತವಿದೆ, ಯಾವ ಊರಲ್ಲಿ ನೇಮವಿದೆ ಎಂಬುದು ಪುರೋಹಿತರಷ್ಟೇ ಖಚಿತವಾಗಿ ಗೊತ್ತು. ಈಸ್ಟರಿಗೆ ಮುಂಚಿನ ತಪಸ್ಸಿನ ಕಾಲದಲ್ಲಿ ಕ್ರೈಸ್ತರ ಮನೆಗಳಲ್ಲಿ ಮದುವೆಯಿಲ್ಲ. ಗಿಡ ತುಂಬಿ ಹೂ ಬಿಡುವುದೂ ಆಗಲೇ. ಪಪ್ಪ ಮಾಂಸ ಬಿಟ್ಟು ಮೊಣಕಾಲೂರಿ, ನೆರೆಯವರ ಮನೆಗಳಲ್ಲಿ ಸಾಲುಸಾಲು ಮದುವೆಯಾಗಲಿ ಎಂದು ಮನಸಾರೆ ಬೇಡುತ್ತಿದ್ದ. ಆಟಿ ತಿಂಗಳಲ್ಲಿ ಶುಭಕಾರ್ಯ ನಿಂತಾಗ ಅತ್ತ ನೆರೆಯವರಿಗಿಂತ ಇತ್ತ ಪಪ್ಪನ ಮುಖವೇ ಹೆಚ್ಚು ಸೊರಗುತ್ತಿತ್ತು. ಸರ್ವಧರ್ಮ ಸಮನ್ವಯದ ಭಾಷಣ ಮಾಡುವವರು ಈ ಲೆಕ್ಕಪುಸ್ತಕವನ್ನು ಒಮ್ಮೆ ನೋಡಿದ್ದರೆ ಭಾಷಣ ಚಿಕ್ಕದಾಗುತ್ತಿತ್ತು.

ಇಷ್ಟರ ಮೇಲೆ ಅವನು ಗುರಿಕಾರ ಬೇರೆ. ಇಗರ್ಜಿಗೆ ಸೇರಿದ ಮನೆಗಳನ್ನು ವಾಡೊಗಳಾಗಿ ಹಂಚಿ ಒಂದೊಂದಕ್ಕೆ ಒಬ್ಬ ಗುರಿಕಾರನಿರುವುದು ಕರಾವಳಿಯ ಹಳೆಯ ಕ್ರಮ. ವಂತಿಗೆ ಎತ್ತುವುದು, ಕಾಯಿಲೆ ಬಿದ್ದವರ ಸುದ್ದಿ ಪಾದ್ರಿಗಳಿಗೆ ಮುಟ್ಟಿಸುವುದು, ಬೇಲಿ ಜಗಳ ತೀರಿಸುವುದು ಅವನ ಪಾಲಿಗೆ. ಸಂಬಳವಿಲ್ಲ, ಬೈಗುಳ ಉಂಟು. ವಂತಿಗೆ ಕೇಳುವವನು ಮೊದಲು ತನ್ನದನ್ನು ಕೊಡಬೇಕಾದ್ದರಿಂದ ನಷ್ಟವೂ ಉಂಟು. ಇಗರ್ಜಿಯ ಮಾಡಿಗೆ ಏಣಿ ಇಡುವವರಿಗೆ ಸ್ವಂತ ಅಡುಗೆಮನೆ ಸೋರುವುದು ಕಾಣುವುದಿಲ್ಲವೆಂದು ಮನೆಯಾಕೆ ಪಾತ್ರೆಗಳಿಗೆ ಕೇಳುವಂತೆ ಹೇಳುತ್ತಿದ್ದಳು. ಪಾತ್ರೆಗಳ ಹೊರತು ಯಾರೂ ಸದ್ದು ಮಾಡುತ್ತಿರಲಿಲ್ಲ.

ಸಂಜೆಯ ಜಪಮಾಲೆ ಪ್ರಾರ್ಥನೆಯಾದ ತೇರ್ಸ್‌ಗೆ ರಿಯಾಯಿತಿ ಇರಲಿಲ್ಲ. ಐದು ಹತ್ತುಗಳ ನಮೋ ಮರಿಯಾ, ಬಳಿಕ ಉದ್ದನೆಯ ಸ್ತುತಿಮಾಲೆ ಲದಿನ್. ನಸುಕಿಗೇ ಎದ್ದ ಪಪ್ಪ ಮೂರನೆಯ ಹತ್ತಿನ ಹೊತ್ತಿಗೆ ತೂಕಡಿಸುತ್ತಿದ್ದ. ಅದನ್ನೇ ಕಾಯುತ್ತಿದ್ದ ಮಕ್ಕಳು ಏಳಕ್ಕೇ ಹತ್ತು ಮುಗಿಸಲು ನೋಡಿದರೆ, ಮುಚ್ಚಿದ ಕಣ್ಣಿನಲ್ಲೇ ‘ಇನ್ನು ಮೂರು ಉಂಟು’ ಎಂಬ ತೀರ್ಪು ಬರುತ್ತಿತ್ತು. ದಿನವೂ 800ರ ಲೆಕ್ಕ ಹಿಡಿಯುವವನಿಗೆ ಹತ್ತರಲ್ಲಿ ಮೋಸ ಮಾಡುವುದು ಸುಲಭವಲ್ಲ. ಕೊನೆಗೆ ಮಕ್ಕಳೆಲ್ಲ ಕೈಮುಗಿದು ಹಿರಿಯರಿಂದ ಬೆಸಾಂವ್, ಅಂದರೆ ಆಶೀರ್ವಾದ, ಬೇಡಬೇಕು. ಹಗಲು ಪೆಟ್ಟು ತಿಂದವನಿಗೂ ವಿನಾಯಿತಿಯಿಲ್ಲದ ಕಾರಣ, ಸಿಟ್ಟು ಮರುದಿನಕ್ಕೆ ಉಳಿಯುವುದು ಕಷ್ಟವಾಗಿತ್ತು.

ಪಪ್ಪನ ನಿಜವಾದ ಪರೀಕ್ಷೆ ಮರಿಯಮ್ಮನ ಹುಟ್ಟುಹಬ್ಬವಾದ ಮೊಂತಿ ಹಬ್ಬದಲ್ಲಿ. ಆಗಸ್ಟ್ 30ರಿಂದ ಒಂಬತ್ತು ದಿನ ಮಕ್ಕಳು ಬಾಲ ಮರಿಯಮ್ಮನಿಗೆ ಹೂ ಒಯ್ಯಬೇಕು; ಸೆಪ್ಟೆಂಬರ್ 8ಕ್ಕೆ ಹಬ್ಬ, ಹೊಸ ಅಕ್ಕಿಯ ಊಟ. ಎಷ್ಟೋ ವರ್ಷ ಚೌತಿಯೂ ಅದೇ ಹೊತ್ತಿಗೆ ಬರುತ್ತದೆ. ಮಳೆಗೆ ಹೂ ಕಡಿಮೆ, ಗಣಪತಿಗೆ ಬೇಡಿಕೆ ಹೆಚ್ಚು, ದರ ಆಕಾಶದಲ್ಲಿ. ಪಪ್ಪ ಮಕ್ಕಳ ಬುಟ್ಟಿಗೆ ದಾಸವಾಳ, ಗೌರಿಹೂ, ದಾರಿಬದಿಯ ಕಾಡುಹೂಗಳನ್ನು ತೋರಿಸಿ, ಮಾತೆಗೆ ಎಲ್ಲ ಹೂವೂ ಒಂದೇ ಎಂಬ ದೈವಶಾಸ್ತ್ರವನ್ನು ಬೋಧಿಸುತ್ತಿದ್ದ. ಎಂಟನೇ ತಾರೀಕು ಮಾತ್ರ ಒಂದಿಡೀ ಚೆಂಡನ್ನು ತಾನೇ ಒಯ್ದಿಟ್ಟು, ಹೆಂಡತಿ ನೋಡುವ ಲೆಕ್ಕಪುಸ್ತಕದಲ್ಲಿ ‘ಮಳೆಗೆ ಉದುರಿದ್ದು’ ಎಂದು ಬರೆದ ಪಪ್ಪಂದಿರೂ ಇದ್ದರು.

ಅವರ ಮಕ್ಕಳು ಮುಂಬಯಿ, ಗಲ್ಫ್ ಸೇರಿದರು. 2012ರಲ್ಲಿ ಉಡುಪಿ ಬೇರೆ ಧರ್ಮಪ್ರಾಂತ್ಯವಾಯಿತು. ಗುರಿಕಾರಿಕೆಯನ್ನು ಈಗ ಹೆಂಗಸರೂ ಚೆನ್ನಾಗಿ ನಡೆಸುತ್ತಿದ್ದಾರೆ. ಹೂ ಕಟ್ಟುವ ಕೆಲಸವನ್ನು ಮಾತ್ರ ಗಂಡಸರು ಇನ್ನೂ ಅಷ್ಟಾಗಿ ವಹಿಸಿಕೊಂಡಿಲ್ಲ.