ನನ್ನ ಮ್ಯಾಲ ಕುಂದರಬ್ಯಾಡ್ರಿ: ನೀಲಿ ಡಬ್ಬಿಯ ಸಂದರ್ಶನ

ಆಳಂದ, ಅಫಜಲಪುರ, ಜೇವರ್ಗಿ ಮೂರೂ ತಾಲ್ಲೂಕುಗಳ ಬಿಸಿಲು ಕುಡಿದ ನೀಲಿ ಲಸಿಕಾ ಡಬ್ಬಿ, ಸರ್ಕಾರಿ ಭಾಷೆಯಲ್ಲಿ ‘ವ್ಯಾಕ್ಸಿನ್ ಕ್ಯಾರಿಯರ್’, ಸದ್ಯ ಒಂದು ಪ್ರಾಥಮಿಕ ಆರೋಗ್ಯ ಕೇಂದ್ರದ ಮೂಲೆಯಲ್ಲಿದೆ. ಬುಧವಾರ ಸಂಜೆ ಮಾತಿಗೆ ಒಪ್ಪಿತು. ಗುರುವಾರ ಲಸಿಕೆ ದಿನ, ಆವತ್ತು ಯಾರ ಜೊತೆಯೂ ಮಾತಿಲ್ಲವಂತೆ.

ಮೂರು ತಾಲ್ಲೂಕು ಸುತ್ತಿದ್ದೀರಿ. ವರ್ಗಾವಣೆಗೆ ಯಾರ ಶಿಫಾರಸು?

ಎಲ್ಲಿ ಶಿಫಾರಸು ತಗೀತೀರಿ! ಯಾವ ಊರಾಗ ಡಬ್ಬಿ ಕಡಿಮಿ ಬಿತ್ತೋ ಆ ಊರಿಗೆ ನಾನು. ಖಜೂರಿ ಗಡ್ಯಾಗ ಮರಾಠಿ ಕಲ್ತೆ, ಗಾಣಗಾಪುರದಾಗ ಹುಣ್ಣಿವಿ ಮಂದಿ ನೋಡ್ದೆ, ನೆಲೋಗಿ ರಸ್ತಾದಾಗ ಧೂಳಾ ತಿಂದೆ. ಎಲ್ಲಾ ಕಡೆ ಒಂದೇ ಗೌರವ. ಮೀಟಿಂಗ್‌ನಾಗ ಕುರ್ಚಿ ಕಡಿಮಿ ಬಿದ್ರ ನನ್ನ ಮ್ಯಾಲ ಕುಂದರ್ತಾರ.

ಹೊಟ್ಟೆಯೊಳಗೆ ಯಾರ್‍ಯಾರನ್ನು ಹೊತ್ತು ತಿರುಗುತ್ತೀರಿ?

ಎಲ್ಲಾ ಜಾತಿಯವ್ರು ಅದಾರ. ಬಿಸಿಜಿ, ಪೋಲಿಯೊ ಹನಿ, ದಡಾರ-ರುಬೆಲ್ಲಾದ ಎಂಆರ್ ಇವು ಜೀವಂತ, ಆದ್ರ ಸೊಕ್ಕು ಮುರಿದ ರೋಗಾಣು. ಸೂಜಿ ಪೋಲಿಯೊದಾಗ ಸತ್ತ ವೈರಸ್. ಟಿಡಿ ಅಂದ್ರ ವಿಷದ ಹಲ್ಲು ಕಿತ್ತ ಟಾಕ್ಸಾಯ್ಡ್. ಪೆಂಟಾ ಒಂದರಾಗ ಐದು: ಗಂಟಲಮಾರಿ, ನಾಯಿಕೆಮ್ಮು, ಧನುರ್ವಾಯು, ಹೆಪಟೈಟಿಸ್ ಬಿ, ಹಿಬ್. ಆರು, ಹತ್ತು, ಹದಿನಾಲ್ಕು ವಾರಕ್ಕ, ಎಡತೊಡಿಗೆ. ಎಲ್ಲಾರ್‍ನೂ 2ರಿಂದ 8 ಡಿಗ್ರಿ ಒಳಗ ಇಡೋದು ನನ್ನ ನೌಕರಿ. ಹೊರಗ ನೋಡಿದ್ರ ಬ್ಯಾಸಿಗ್ಯಾಗ 42 ದಾಟಿರ್ತದ.

ಹಾಗಾದರೆ ಬಿಸಿಲೇ ನಿಮ್ಮ ಶತ್ರು!

ಎಲ್ಲಾರೂ ಹಂಗ ಅಂತಾರ, ಅಲ್ಲೇ ಎಡವ್ತಾರ. ಬಿಸಲಿಗೆ ಕಾವಲುಗಾರ ಅದಾನ. ಸೀಸೆ ಮ್ಯಾಲ ವಿವಿಎಂ ಅಂತ ಒಂದು ಗುರುತು ಇರ್ತದ, ವರ್ತುಲದೊಳಗ ಸಣ್ಣ ಚೌಕ. ಚೌಕ ಬೆಳ್ಳಗಿದ್ರ ಚಲೋ; ವರ್ತುಲದಷ್ಟ ಕಪ್ಪಾತು ಅಂದ್ರ ಆ ಸೀಸೆ ಮುಗೀತು. ಆದ್ರ ಥಂಡಿ ಹೆಚ್ಚಾದ್ರ ಆ ಚೌಕ ಬಾಯಿ ಬಿಡಂಗಿಲ್ಲ. ಪೆಂಟಾ, ಟಿಡಿ, ಹೆಪಟೈಟಿಸ್ ಬಿ ಒಮ್ಮಿ ಹೆಪ್ಪುಗಟ್ಟಿದ್ರ ಒಳಗಿನ ಅಲ್ಯುಮಿನಿಯಂ ಉಪ್ಪು ಗಂಟಾಗ್ತದ, ಶಕ್ತಿ ಹೋಗ್ತದ. ಕರಗಿ ಮತ್ತ ನೀರಾದ್ರ ಅವಸರದ ಕಣ್ಣಿಗೆ ಮೊದಲಿನಂಗೇ ಕಾಣ್ತದ. ಕೂಸಿಗೆ ಚುಚ್ಚಿದ ನೋವು ಖರೇ, ರಕ್ಷಣೆ ಸುಳ್ಳು.

ಇದಕ್ಕೆ ಪರಿಹಾರ?

ಕಿವಿ! ಡೀಪ್ ಫ್ರೀಜರ್‌ನಿಂದ ತಗದ ಐಸ್‌ಪ್ಯಾಕ್ ಹಂಗ ನನ್ನೊಳಗ ತುರುಕಬಾರದು. ಹೊರಗಿಟ್ಟು ಕಾಯಬೇಕು. ಮೈ ಮ್ಯಾಲ ನೀರಿನ ಹನಿ ಮೂಡಬೇಕು, ಕಿವಿ ಹತ್ರ ಹಿಡಿದು ಅಲುಗಾಡಿಸಿದ್ರ ಒಳಗ ನೀರು ಸಪ್ಪಳ ಮಾಡಬೇಕು. ಆಮ್ಯಾಗ ನಾಲ್ಕು ಗ್ವಾಡಿಗೆ ನಾಲ್ಕು. ಆದ್ರ ಹೊರಗ ಜೀಪಿನವ ಹಾರ್ನ್ ಹೊಡೀತಿರ್ತಾನ, ಸಿಸ್ಟರ್ ಪಾಪ ಐಸಿನ ಸಪ್ಪಳ ಕೇಳಬೇಕೋ ಹಾರ್ನ್ ಕೇಳಬೇಕೋ? ಫ್ರಿಜ್ಜಿನ ಉಷ್ಣಾಂಶದ ಪುಸ್ತಕ ಬ್ಯಾರೆ ಅದ. ಕೆಲವು ಕಡೆ ತಿಂಗಳಪೂರ್ತಿ ಮುಂಜಾನಿ ನಾಲ್ಕು, ಸಂಜಿಕಿ ನಾಲ್ಕು ಡಿಗ್ರಿ. ದಿನಗಟ್ಟಲೆ ಕರೆಂಟ್ ಹೋದ್ರೂ ನಾಲ್ಕೇ! ಇಂಥಾ ಹವಾಮಾನ ನಮ್ಮ ಜಿಲ್ಲಾದಾಗ ಆ ಪುಸ್ತಕದಾಗ ಅಷ್ಟೇ ಅದ.

ಸೂಜಿಯ ವಿಷಯಕ್ಕೆ ಬರೋಣ.

ಈಗಿನ ಎಡಿ ಸಿರಿಂಜ್ ಒಮ್ಮಿ ಒತ್ತಿದ್ರ ತಾನ ಲಾಕ್ ಆಗ್ತದ, ಎರಡನೇ ಕೂಸಿಗೆ ಬರಂಗಿಲ್ಲ. ಚುಚ್ಚಿದ ಸೂಜಿಗೆ ಟೋಪಿ ಹಾಕಾಕ ಹೋಗಬಾರದು, ಸೀದಾ ಸೂಜಿ ಕತ್ತರಿಸೋ ಹಬ್ ಕಟರ್‌ಗೆ ಕೊಡಬೇಕು. ಕೂಸಿನ ಕುಂಡಿಗೆ ಚುಚ್ಚಬಾರದು, ನರಕ್ಕ ತಾಗ್ತದ. ಚುಚ್ಚಿದ ಜಾಗ ತಿಕ್ಕಬಾರದು. ಆಮ್ಯಾಗ ಅರ್ಧ ತಾಸು ತಾಯಿ-ಕೂಸು ಅಲ್ಲೇ ಕುಂದರಬೇಕು, ಸಿಸ್ಟರ್ ಕೈಯಾಗ ಅಡ್ರಿನಾಲಿನ್ ಕಿಟ್ ಇರಬೇಕು. ಆ ಅರ್ಧ ತಾಸಿನಾಗ ಯಾವ ಲಸಿಕಿ, ಯಾಕ, ಮತ್ತ ಯಾವಾಗ ಬರಬೇಕು, ಜ್ವರ ಬಂದ್ರ ಏನು ಮಾಡಬೇಕು ಅಂತ ಹೇಳಬೇಕು. ತಾಯಿ ಕಾರ್ಡ್ ಜ್ವಾಪಾನ ಅಂತನೂ ಹೇಳಬೇಕು. ತೊಗರಿ ರಾಶಿ ಮುಗೀತು ಅಂದ್ರ ಮಂದಿ ಪುಣಾ, ಮುಂಬೈಗೆ ಗುಳೆ ಹೋಗ್ತಾರ. ಅಲ್ಲಿಯ ಸಿಸ್ಟರ್‌ಗೆ ಆ ಕಾರ್ಡೇ ಸಾಕ್ಷಿ.

ನಿಮಗೆ ಅತಿ ಹೆಚ್ಚು ಭಯ ಯಾವುದರದು?

ನಾಲ್ಕು ತಾಸು. ಬಿಸಿಜಿ, ಎಂಆರ್ ಪುಡಿ ರೂಪದಾಗ ಬರ್ತಾವ. ಅದೇ ಕಂಪನಿ ಕೊಟ್ಟ ದ್ರಾವಣ, ಅದೂ ತಣ್ಣಗಿದ್ದದ್ದು, ಹಾಕಿ ಕಲಸಬೇಕು, ಸೀಸೆ ಮ್ಯಾಲ ಟೈಮ್ ಬರೀಬೇಕು. ನಾಲ್ಕು ತಾಸು ಆತು ಇಲ್ಲಾ ಶಿಬಿರ ಮುಗೀತು ಅಂದ್ರ ಉಳಿದದ್ದು ಚೆಲ್ಲಬೇಕು. ಪೆಂಟಾ, ಟಿಡಿ ಸೀಸೆ ತಗದ್ರೂ ಸರಿಯಾಗಿ ಇಟ್ರ 28 ದಿನ ನಡೀತದ. ಬಿಸಿಜಿ, ಎಂಆರ್ ಹಂಗ ನಡ್ಯಂಗಿಲ್ಲ, ಕಲಸಿದ ಲಸಿಕ್ಯಾಗ ಬ್ಯಾಕ್ಟೀರಿಯಾ ಬೆಳದು ವಿಷಾ ಆಗ್ತದ. 2022ರ ಜನವರಿದಾಗ ಬೆಳಗಾವಿ ಜಿಲ್ಲಾದ ರಾಮದುರ್ಗ ತಾಲ್ಲೂಕಿನಾಗ ಎಂಆರ್ ಹಾಕಿಸಿಕೊಂಡ ಮೂರು ಕೂಸು ಸತ್ತವು. ಲಸಿಕಿ ಹೋಟೆಲ್ ಫ್ರಿಜ್ಜಿನಾಗ ಇಟ್ಟಿದ್ರು ಅಂತ ಪೇಪರಿನಾಗ ಬಂತು. ಹೋಟೆಲ್ ಫ್ರಿಜ್ಜು ಹಾಲು ಕಾಯಾಕ ಅದ ರೀ, ಕೂಸಿನ ಜೀವಾ ಕಾಯಾಕಲ್ಲ.

ಇಷ್ಟೆಲ್ಲ ಗೊತ್ತಿದ್ದೂ ತಪ್ಪು ಏಕಾಗುತ್ತದೆ?

ಗೊತ್ತಿಲ್ಲದೇ ಆಗೋದು ಕಡಿಮಿ. ಹತ್ತು ಮಕ್ಕಳಿಗೆ ಆಗೋ ಸೀಸೆ, ಮುಂದ ಬಂದದ್ದು ಒಂದೇ ಕೂಸು. ಒಂದಕ್ಕಾದ್ರೂ ಒಡೀರಿ ಅಂತ ನಿಯಮಾನೇ ಅದ. ಒಡದ್ರ ಒಂಬತ್ತು ಡೋಸ್ ಚೆಲ್ಲಬೇಕು, ಆಮ್ಯಾಗ ಮೀಟಿಂಗ್‌ನಾಗ ‘ವೇಸ್ಟೇಜ್ ಯಾಕ?’ ಅಂತ ನಾಲ್ಕು ಮಂದಿ ಮುಂದ ನಿಲ್ಲಿಸಿ ಕೇಳ್ತಾರ. ಒಡೀದೇ ‘ಮುಂದಿನ ಗುರುವಾರ ಬಾ’ ಅಂದ್ರ ಯಾರೂ ಕೇಳಂಗಿಲ್ಲ, ಕೂಸು ಅಷ್ಟೊತ್ತಿಗೆ ಪುಣಾದಾಗ.

ಸಿಸ್ಟರ್‌ಗಳಿಗೆ ಏನಾದರೂ ಸಂದೇಶ?

ಅವ್ರಿಗೆ ಸಂದೇಶ ಸಾಕಾಗ್ಯಾವ, ವಾಟ್ಸಾಪ್‌ನಾಗ ದಿನಾ ಬರ್ತಾವ. ನನ್ನ ಮಾತು ಲೆಕ್ಕಾ ಬರಸೋ ಸಾಹೇಬರಿಗೆ. ಚೆಲ್ಲಿದ ಡೋಸಿಗೆ ನೀವು ತಿಂಗಳಾ ತಿಂಗಳಾ ಲೆಕ್ಕಾ ಕೇಳ್ತೀರಿ. ಚೆಲ್ಲಬೇಕಾದ್ದು ಚೆಲ್ಲದೇ ಉಳಿಸಿದ್ದಕ್ಕ ಕೂಸು ಸತ್ತಮ್ಯಾಗೇ ಕೇಳ್ತೀರಿ. ಆ ಸರದಿ ಬದಲಿ ಮಾಡ್ರಿ.