ಮೊದಲು ಗೇರು, ಆಮೇಲೆ ರೇಸು

ಠಾಣೆಯ ಘೋಡಬಂದರ್ ರಸ್ತೆಯ ಗೋಪುರಗಳಲ್ಲಿ ಮನೆ ಮಾಡಿದವರಿಗೆ ಬಿಲ್ಡರು ಎರಡು ಕಿಟಕಿ ಕರುಣಿಸಿರುತ್ತಾನೆ. ಒಂದರಲ್ಲಿ ರಸ್ತೆ, ಇನ್ನೊಂದರಲ್ಲಿ ಖಾಡಿ, ಅಂದರೆ ಕಡಲಿನ ಹಿನ್ನೀರು. ರಸ್ತೆಯಲ್ಲಿ ಮಾಜಿವಾಡದಿಂದ ಗಾಯಮುಖದವರೆಗೆ ಕಂಟೇನರ್ ಲಾರಿ, ನೀರಿನ ಟ್ಯಾಂಕರ್, ಸ್ಕೂಲ್ ಬಸ್ಸು, ಮೆಟ್ರೊ ಕಂಬ ಎಲ್ಲವೂ ಇವೆ, ಚಲನೆಯೊಂದೇ ಇಲ್ಲ. ಖಾಡಿಯಲ್ಲಿ ಇವು ಯಾವುವೂ ಇಲ್ಲ. ಆಗೊಮ್ಮೆ ಈಗೊಮ್ಮೆ ಒಂದು ದೋಣಿ ಹೋಗುತ್ತದೆ. ನಿಜವಾಗಿಯೂ ಹೋಗುತ್ತದೆ. ಇದನ್ನು ನಾನು ವರ್ಷಗಟ್ಟಲೆ ನೋಡಿ ಸುಮ್ಮನಿದ್ದೆ. ನಮ್ಮ ಭಾವ ಸುಮ್ಮನಿರುವ ಜಾತಿಯವರಲ್ಲ.

ಭಾವ ಗಂಗೊಳ್ಳಿ ಕಡೆಯವರು, ಠಾಣೆಯಲ್ಲಿ ಹೋಟೆಲು. ಯಾರದೋ ಕೈಯಿಂದ ಹಳೆಯ ಫೈಬರ್ ದೋಣಿಯೊಂದನ್ನೂ ದೋಣಿಯ ಹಿಂಬದಿಗೆ ಸಿಕ್ಕಿಸುವ 25 ಅಶ್ವಶಕ್ತಿಯ ಔಟ್‌ಬೋರ್ಡ್ ಇಂಜಿನ್ನನ್ನೂ ಕೊಂಡೇಬಿಟ್ಟರು. "ಪೋರ್ಚುಗೀಸರು ಈ ಖಾಡಿ ಕಾಯಲು ಘೋಡಬಂದರಿನಲ್ಲಿ ಕೋಟೆ ಕಟ್ಟಿದರು. 1737ರಲ್ಲಿ ಮರಾಠರು ಬಂದು ಅದನ್ನು ಹಿಡಿದರು. ನಾವು ಒಂದು ಭಾನುವಾರ ನೀರಿನ ಮೇಲೆ ಹೋಗಿ ನೋಡಿಯಾದರೂ ಬರುವುದು ಬೇಡವೋ?" ಎಂದರು. ರಸ್ತೆಯಲ್ಲಿ ಹೋಗುವುದಕ್ಕಿಂತ ಕೋಟೆ ಹಿಡಿಯುವುದೇ ಸುಲಭವೆಂದು ನನಗೂ ಅನ್ನಿಸಿತು.

ಇಂಜಿನ್ನಿಗೆ ಟಿಲ್ಲರ್, ಅಂದರೆ ಅದರ ಮೈಗೇ ಅಂಟಿದ ಉದ್ದನೆಯ ಹಿಡಿ ಇತ್ತು. ನಮ್ಮ ಕರಾವಳಿಯ ನಾಡದೋಣಿಗಳು ನಡೆಯುವುದು ಈ ಹಿಡಿಯಲ್ಲೇ. ದೋಣಿಯ ಹಿಂಬದಿಯಲ್ಲಿ ಕೂತು ಪೆಟ್ರೋಲಿನಲ್ಲಿ ಸ್ಟಾರ್ಟ್ ಮಾಡುವುದು, ಇಂಜಿನ್ ಬಿಸಿಯಾದ ಮೇಲೆ ಸೀಮೆಎಣ್ಣೆಗೆ ತಿರುಗಿಸುವುದು. ಹಿಡಿ ತಿರುವಿದರೆ ವೇಗ, ಹಿಡಿ ಸರಿಸಿದರೆ ದಿಕ್ಕು. ಕೈಗೂ ಇಂಜಿನ್ನಿಗೂ ನಡುವೆ ದಲ್ಲಾಳಿಗಳಿಲ್ಲ. ಆದರೆ ಭಾವನಿಗೆ ಅದು ಒಗ್ಗಲಿಲ್ಲ. "ಹಿಂದೆ ಕೂತವ ಕ್ಲೀನರ್, ಮುಂದೆ ಕೂತವ ಧಣಿ" ಎಂಬುದು ಅವರ ಸಿದ್ಧಾಂತ. ಧಣಿ ಮುಂದೆ ಕೂರಬೇಕು, ಇಂಜಿನ್ ಹಿಂದೆ ಓಡಬೇಕು. ಅದಕ್ಕೆ ಕೇಬಲ್ಲಿನ ರಿಮೋಟ್ ಕಂಟ್ರೋಲ್ ಬೇಕು.

1909ರಲ್ಲಿ ಅಮೆರಿಕದ ಮಿಲ್ವಾಕಿಯಲ್ಲಿ ಔಟ್‌ಬೋರ್ಡ್ ಇಂಜಿನ್ನನ್ನು ಮಾರಾಟಕ್ಕಿಟ್ಟು ಹೆಸರು ಮಾಡಿದ ಓಲೆ ಎವಿನ್‌ರೂಡ್ ಬಗ್ಗೆ ಒಂದು ಕಥೆಯಿದೆ. ಪ್ರೇಯಸಿ ಕೇಳಿದಳೆಂದು ಕೆರೆಯಾಚೆಯಿಂದ ಐಸ್‌ಕ್ರೀಂ ತರಲು ಹೋದನಂತೆ. ಹುಟ್ಟು ಹಾಕಿಕೊಂಡು ವಾಪಸು ಬರುವಷ್ಟರಲ್ಲಿ ಅದು ಕರಗಿ ನೀರಾಗಿತ್ತಂತೆ; ಇಂಜಿನ್ನಿನ ಯೋಚನೆ ಹೊಳೆದದ್ದು ಆಗಲಂತೆ. ಪ್ರೀತಿಗೆ ಇಂಜಿನ್ ಸಾಕಾಯಿತು. ಧಣಿತನಕ್ಕೆ ಮಾತ್ರ ಕೇಬಲ್ಲೂ ಬೇಕು.

ಸಾಮಾನು ಬಂತು: ಹಿಡಿ ಇರುವ ಒಂದು ಕರಿ ಡಬ್ಬ, ಎರಡು ಕೇಬಲ್ಲು, ಬಣ್ಣಬಣ್ಣದ ವೈರುಗಳ ಒಂದು ಕಟ್ಟು. ಕಾಸರವಡವಲಿಯ ನಮ್ಮ ಸೊಸೈಟಿಯ ಪಾರ್ಕಿಂಗೇ ವರ್ಕ್‌ಶಾಪು. ಭಾವ ಮುಖ್ಯಸ್ಥರು, ಹೋಟೆಲಿನ ಎಲೆಕ್ಟ್ರಿಷಿಯನ್ ತಾಂತ್ರಿಕ ಸಲಹೆಗಾರ, ನಾನು ಇಂಗ್ಲಿಷ್ ಕೈಪಿಡಿಯ ಪುರೋಹಿತ. ಓದುವುದಷ್ಟೇ ನನ್ನ ಕೆಲಸ; ಕೇಳಿಸಿಕೊಳ್ಳುವುದು ಯಾರ ಕೆಲಸವೂ ಆಗಿರಲಿಲ್ಲ.

ಆ ಡಬ್ಬದ ಬುದ್ಧಿ ಮೆಚ್ಚುವಂಥದ್ದು. ಹಿಡಿ ನಡುವೆ ನಿಂತರೆ ನ್ಯೂಟ್ರಲ್. ಮುಂದಕ್ಕೆ ತಳ್ಳಿದರೆ ಮೊದಲು 'ಕಟಕ್' ಎಂದು ಗೇರು ಬೀಳುತ್ತದೆ. ಇನ್ನೂ ತಳ್ಳಿದರೆ ಮಾತ್ರ ಥ್ರಾಟಲ್ ತೆರೆದು ರೇಸು ಏರುತ್ತದೆ. ಹಿಂದಕ್ಕೆ ಎಳೆದರೂ ಇದೇ ಕ್ರಮ. ಗೇರಿನಲ್ಲಿದ್ದರೆ ಸ್ಟಾರ್ಟೇ ಆಗದಂತೆ ತಡೆಯಲು ಒಳಗೊಂದು ಸ್ವಿಚ್ಚಿದೆ. ಒಂದೇ ಹಿಡಿ, ಎರಡು ಕೆಲಸ, ಅದೂ ಸರದಿಯ ಪ್ರಕಾರ. ಸರದಿ ಎಂಬ ವಸ್ತು ಘೋಡಬಂದರ್ ರಸ್ತೆಗೆ ಕಾಲಿಟ್ಟದ್ದು ಬಹುಶಃ ಅದೇ ಮೊದಲು.

ಕೇಬಲ್ಲಿನ ಸಂಗತಿ ಬೇರೆ. ಸೈಕಲ್ ಬ್ರೇಕಿನ ತಂತಿಯ ಹಾಗೆಯೇ ಹೊರಗೊಂದು ಕವಚ, ಒಳಗೊಂದು ಉಕ್ಕಿನ ತಂತಿ. ಆದರೆ ಬ್ರೇಕಿನದು ಎಳೆಯಲಷ್ಟೇ ಬಲ್ಲದು, ಇದು ತಳ್ಳಲೂ ಬೇಕು. ಆದ್ದರಿಂದ ಎಲ್ಲೂ ಗಕ್ಕನೆ ಬಗ್ಗಬಾರದು, ದೊಡ್ಡ ಬಳಸಿನಲ್ಲೇ ತಿರುಗಬೇಕು. ಇಂಜಿನ್ ಎಡಬಲಕ್ಕೆ ಹೊರಳಿದಾಗಲೂ ಮೇಲಕ್ಕೆ ಎತ್ತಿದಾಗಲೂ ಸಾಲುವಷ್ಟು ಉದ್ದ ಇರಬೇಕು. ಭಾವ ಟೇಪು ಹಿಡಿದು ಸೀದಾ ಗೆರೆಯಲ್ಲಿ ಅಳೆದು, ಅಷ್ಟೇ ಉದ್ದದ್ದು ತಂದಿದ್ದರು. ಹೋಟೆಲಿನ ಲೆಕ್ಕದಲ್ಲಿ ಅದು ಮಿತವ್ಯಯ. ಬದಲಾಯಿಸಿಕೊಂಡು ಬರಲು ಮಾಜಿವಾಡದ ಟ್ರಾಫಿಕ್ಕಿನಲ್ಲಿ ಸುಟ್ಟ ಪೆಟ್ರೋಲಿನಲ್ಲಿ ವಸಯಿಗೇ ಹೋಗಿಬರಬಹುದಿತ್ತು. ತಂತಿಯ ತುದಿಗೆ ತಿರುಪುವ ಕೊಂಡಿ ಕನಿಷ್ಠ 8 ಮಿಲಿಮೀಟರ್ ಒಳಗೆ ಹೋಗಿರಬೇಕೆಂದು ಪುರೋಹಿತ ಓದಿದ. "ಹಿಡಿದುಕೊಂಡಿದೆಯಲ್ಲ, ಸಾಕು" ಎಂದರು ಯಜಮಾನರು. ಪುರೋಹಿತ ಇನ್ನೊಮ್ಮೆ ಓದಿದ. ಅಂತೂ ಕೊಂಡಿ ಒಳಗೆ ಹೋಯಿತು.

ವೈರಿಂಗ್ ಶುರುವಾದಾಗ ಎಲೆಕ್ಟ್ರಿಷಿಯನ್ನನ ಪಾಂಡಿತ್ಯಕ್ಕೆ ಗ್ರಹಣ ಹಿಡಿಯಿತು. ಕೆಂಪು ಬ್ಯಾಟರಿಗೆ, ಕರಿ ಅರ್ಥಿಗೆ, ಕಂದು ಸ್ಟಾರ್ಟರಿಗೆ, ಅಲ್ಲಿಯವರೆಗೆ ಸರಿಯೇ. ಬಿಳಿ ವೈರಿನ ಹತ್ತಿರ ಬಂದಾಗ ಲೋಕವೇ ತಲೆಕೆಳಗಾಯಿತು. ಮನೆಯಲ್ಲಿ ಫ್ಯಾನು ನಿಲ್ಲಬೇಕಾದರೆ ಸ್ವಿಚ್ಚು ಸಂಪರ್ಕ ಕಡಿಯುತ್ತದೆ. ಈ ಇಂಜಿನ್ ತನ್ನ ಕಿಡಿಯನ್ನು ತಾನೇ ಹುಟ್ಟಿಸಿಕೊಳ್ಳುತ್ತದೆ. ಅದು ನಿಲ್ಲಬೇಕಾದರೆ ಬಿಳಿ ವೈರು ಅರ್ಥಿಗೆ ಕೂಡಬೇಕು. ಕಡಿದರೆ ನಿಲ್ಲುವುದಿಲ್ಲ, ಕೂಡಿದರೆ ನಿಲ್ಲುತ್ತದೆ. ಎಲೆಕ್ಟ್ರಿಷಿಯನ್ ನನ್ನನ್ನು ಕನಿಕರದಿಂದ ನೋಡಿದ. ನಾನು ಊಟಕ್ಕೆ ಹೋದಾಗ, ಸುರಕ್ಷತೆಯ ದೃಷ್ಟಿಯಿಂದ ಬಿಳಿ ವೈರನ್ನು ಬಿಡಿಸಿ ಕರಿ ಟೇಪು ಸುತ್ತಿಟ್ಟ.

ನೀರಿಲ್ಲದೆ ಔಟ್‌ಬೋರ್ಡ್ ಓಡಿಸಿದರೆ ನೀರೆತ್ತುವ ಪಂಪಿನ ರಬ್ಬರು ಹಾಳಾಗುತ್ತದೆ. ಹಾಗಾಗಿ ಹೋಟೆಲಿನ ನೀಲಿ ಡ್ರಮ್ಮು ಬಂತು, ತುಂಬ ನೀರು ಬಂತು, ಬಿಸಿಲಲ್ಲೂ ಸೊಸೈಟಿಯ ಮಕ್ಕಳೆಲ್ಲ ಬಂದರು. ಭಾವ ಕೀಲಿ ತಿರುವಿದರು. ಇಂಜಿನ್ ಗುರುಗುಟ್ಟಿತು, ಪಕ್ಕದ ತೂತಿನಿಂದ ನೀರಿನ ಸಣ್ಣ ಧಾರೆ ಚಿಮ್ಮಿತು, ಮಕ್ಕಳು ಅದಕ್ಕೆ ತಮ್ಮದೇ ಹೆಸರಿಟ್ಟು ಕೇಕೆ ಹಾಕಿದರು. ಭಾವ ಹಿಡಿಯನ್ನು ಮುಂದಕ್ಕೆ ತಳ್ಳಿದರು.

'ಕಟಕ್' ಎನ್ನಬೇಕಿದ್ದ ಜಾಗದಲ್ಲಿ ಇಂಜಿನ್ ಬೊಬ್ಬಿಟ್ಟಿತು. ಗೇರಿನ ಕೇಬಲ್ಲೂ ಥ್ರಾಟಲಿನ ಕೇಬಲ್ಲೂ ಅದಲುಬದಲಾಗಿದ್ದವು. ಮೊದಲು ರೇಸು, ಆಮೇಲೆ ಗೇರು! ಗೇರು ಬಿದ್ದದ್ದೇ ತಡ, ಡ್ರಮ್ಮಿನ ನೀರು ಸೊಸೈಟಿ ಕಾರ್ಯದರ್ಶಿಗಳ ಹೊಸ ಕಾರಿನ ಮೇಲಿತ್ತು. ಭಾವ ತುರ್ತಿನಲ್ಲಿ ಇಂಜಿನ್ ನಿಲ್ಲಿಸಲೆಂದು ಇರುವ ಕೆಂಪು ದಾರ ಎಳೆದರು. ಅದು ಕೈಗೆ ಬಂತು, ಇಂಜಿನ್ ನಿಲ್ಲಲಿಲ್ಲ. ಕೀಲಿ ತಿರುವಿದರು; ಆಗಲೂ ನಿಲ್ಲಲಿಲ್ಲ. ಬಿಳಿ ವೈರು ಟೇಪಿನೊಳಗೆ ಸುರಕ್ಷಿತವಾಗಿತ್ತು. ಕಡೆಗೆ ಹಿಡಿಯನ್ನು ನಡುವಿಗೆ ತಂದು, ಪೆಟ್ರೋಲ್ ಪೈಪು ಕಿತ್ತು, ಒಳಗಿದ್ದದ್ದು ಉರಿದು ಮುಗಿಯಲೆಂದು ಕಾದೆವು. ನಿಲ್ಲಲೊಲ್ಲದ ಇಂಜಿನ್ನಿನ ಸುತ್ತ ಇಡೀ ಸೊಸೈಟಿ ನಿಂತಿತು.

ಮರುದಿನ ಖಾಡಿಯ ಕಡೆಯಿಂದ ಕೋಳಿ ಎಂಬ ಮೀನುಗಾರ ಸಮುದಾಯದ ವಯಸ್ಸಾದ ಮೆಕ್ಯಾನಿಕ್ ಒಬ್ಬರನ್ನು ಕರೆಸಿದೆವು. ಅವರು ಕೈಪಿಡಿ ಮುಟ್ಟಲಿಲ್ಲ. ಇಂಜಿನ್ ಬಂದ್ ಮಾಡಿಟ್ಟೇ ಹಿಡಿ ಆಡಿಸಿ, ಪ್ರೊಪೆಲ್ಲರನ್ನು ಕೈಯಲ್ಲಿ ತಿರುಗಿಸಿ ನೋಡಿದರು: ನ್ಯೂಟ್ರಲಿನಲ್ಲಿ ಸಲೀಸಾಗಿ ತಿರುಗಬೇಕು, ಗೇರಿನಲ್ಲಿ ಹಿಡಿಯಬೇಕು. "ಆಧೀ ಗಿಯರ್, ನಂತರ್ ರೇಸ್", ಅಂದರೆ ಮೊದಲು ಗೇರು, ಆಮೇಲೆ ರೇಸು, ಎಂದು ಕೇಬಲ್ಲುಗಳನ್ನು ಅದಲುಬದಲು ಮಾಡಿದರು. ಬಿಳಿ ವೈರನ್ನು ಅದರ ಜಾಗಕ್ಕೆ ಸೇರಿಸಿ, ಉಪ್ಪುಗಾಳಿಗೆ ಕಪ್ಪು ಟೇಪು ನಿಲ್ಲದೆಂದು ಕೂಡುಗಳಿಗೆ ಬಿಸಿಗೆ ಕುಗ್ಗುವ ಕೊಳವೆ ತೊಡಿಸಿದರು. ಚಹಾ ಕುಡಿದು ಹೋದರು.

ಭಾವ ಈಗ ಮುಂದೆ ಕೂತು ಧಣಿಯಾಗಿದ್ದಾರೆ. ಕೋಟೆಯನ್ನೂ ನೀರಿನಿಂದಲೇ ನೋಡಿಯಾಯಿತು. ಓಡಿಸುವುದನ್ನು ಯಾರಾದರೂ ಕಲಿಯುತ್ತಾರೆ, ಮೊದಲು ಕಲಿಯಬೇಕಾದದ್ದು ನಿಲ್ಲಿಸುವುದನ್ನು. ಆದ್ದರಿಂದ ಇಂಜಿನ್ ದೋಣಿ ನಡೆಸುವ ಓದುಗರಲ್ಲಿ ಒಂದು ಮಾತು: ಆ ಕೆಂಪು ದಾರವನ್ನು ಅಲಂಕಾರಕ್ಕೆ ನೇತುಹಾಕಬೇಡಿ. ಒಂದು ತುದಿಯನ್ನು ಮೈಮೇಲಿನ ಲೈಫ್ ಜಾಕೆಟ್ಟಿಗೆ ಸಿಕ್ಕಿಸಿಕೊಳ್ಳಿ, ದಡ ಬಿಡುವ ಮುನ್ನ ಪ್ರತಿಸಲವೂ ಎಳೆದು ಇಂಜಿನ್ ನಿಲ್ಲುತ್ತದೆಯೇ ನೋಡಿಕೊಳ್ಳಿ. ನಿಲ್ಲದಿದ್ದರೆ ಆ ದಿನ ರಸ್ತೆಯಲ್ಲೇ ಹೋಗಿ.